ಮುಳಬಾಗಿಲಿನ ಒಲೆಯಲ್ಲಿ ಟ್ರಿನಿಡಾಡಿನ ಅಡುಗೆ

ಪ್ರೌಢಶಾಲೆಯಲ್ಲಿ ನನ್ನ ಪಕ್ಕದಲ್ಲೇ ಕೂರುತ್ತಿದ್ದ ಗೆಳತಿಯೊಬ್ಬಳು ಮದುವೆಯಾದ ಮೇಲೆ ಟ್ರಿನಿಡಾಡಿಗೆ ಹೋದಳು. ಅವಳ ಗಂಡ ಅಲ್ಲಿನ ಸೇಂಟ್ ಅಗಸ್ಟೀನ್‌ನಲ್ಲಿರುವ ವೆಸ್ಟ್ ಇಂಡೀಸ್ ವಿಶ್ವವಿದ್ಯಾಲಯದಲ್ಲಿ ಕೃಷಿ ವಿಜ್ಞಾನದ ಅಧ್ಯಾಪಕರು. ಊರಿಗೆ ಬಂದಾಗಲೆಲ್ಲ ತವರಿನ ಕೆಲಸ, ಆಸ್ಪತ್ರೆ, ಮದುವೆ ಮನೆಗಳ ನಡುವೆ ಅವಳು ನಮಗೆ ಸಿಗುತ್ತಿದ್ದುದು ಬಸ್ ನಿಲ್ದಾಣದ ಒಂದಿಷ್ಟು ಹೊತ್ತು ಮಾತ್ರ. ಹೋದ ಸಂಕ್ರಾಂತಿಗೆ ಬಂದವಳು ಒಂದು ಇಡೀ ದಿನವನ್ನು ನಮಗಾಗಿಯೇ ತೆಗೆದಿಟ್ಟಿದ್ದಳು. ಹೋಟೆಲಿನಲ್ಲಿ ಸೇರೋಣವೆಂದರೆ ಅವಳು ಒಪ್ಪಲಿಲ್ಲ. ಇಷ್ಟು ವರ್ಷ ಆ ದ್ವೀಪದಲ್ಲಿ ತಾನು ಏನು ತಿಂದೆ, ಯಾರ ಕೈಯಿಂದ ಏನು ಕಲಿತೆ ಎನ್ನುವುದನ್ನು ನಮಗೆ ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿದೆ, ಈ ಸಲ ಮಾಡಿ ಬಡಿಸುತ್ತೇನೆ ಎಂದಳು.

ಸೇರಿದ್ದು ಮುಳಬಾಗಿಲಿನಿಂದ ಆವಣಿಗೆ ಹೋಗುವ ದಾರಿಯಲ್ಲಿ ನಮ್ಮೊಬ್ಬಳು ಗೆಳತಿಯ ತೋಟದ ಮನೆಯಲ್ಲಿ. ಅವಳೂ ಗಂಡನೂ ಟೊಮ್ಯಾಟೊ ಬೆಳೆಯುತ್ತಾರೆ, ಅಂಗಳದಲ್ಲಿ ಸೌದೆ ಒಲೆ ಇದೆ. ನಾಲ್ಕನೆಯವಳು ದೇವಸ್ಥಾನದ ಅರ್ಚಕರ ಮಗಳು, ಈಗ ಚಿಂತಾಮಣಿಯಲ್ಲಿ ಇದ್ದಾಳೆ. ಐದನೆಯವಳು ಸರ್ಕಾರಿ ಆಸ್ಪತ್ರೆಯಲ್ಲಿ ಆರೋಗ್ಯ ಸಹಾಯಕಿ, ನಮ್ಮೂರಿನ ಹೊಲಗೇರಿಯಿಂದ ಶಾಲೆಗೆ ಬರುತ್ತಿದ್ದವಳು, ತರಗತಿಯಲ್ಲಿ ಗಣಿತಕ್ಕೆ ಮೊದಲಿಗಳು. ಇವರ ಹೆಸರುಗಳನ್ನು ಇಲ್ಲಿ ಬರೆಯುವುದಿಲ್ಲ, ಬರೆಯಬೇಡವೆಂದು ಅವರೇ ಹೇಳಿದ್ದಾರೆ.

ಕಡಲಾಚೆಯ ಅಡುಗೆಗೆ ಬೇಕಾದ ಸಾಮಾನೆಲ್ಲ ಅವಳ ಪೆಟ್ಟಿಗೆಯಲ್ಲೇ ಬಂದಿರಬಹುದೆಂದು ನಾವು ಎಣಿಸಿದ್ದೆವು. ಅವಳು ತಂದದ್ದು ಸಾರೆಲ್ ಎಂಬ ಒಣಗಿದ ಕೆಂಪು ಹೂವಿನ ಪೊಟ್ಟಣ ಮತ್ತು ಅಲ್ಲಿನ ಗುಂಡು ಮೆಣಸಿನಕಾಯಿಯ ಖಾರದ ಸಾಸಿನ ಒಂದು ಬಾಟಲಿ, ಇಷ್ಟೇ. ಮಿಕ್ಕದ್ದೆಲ್ಲ ನಮ್ಮ ಜಿಲ್ಲೆಯಲ್ಲೇ ಇತ್ತು. ಸಂಕ್ರಾಂತಿಯ ಕಾಲವಾದ್ದರಿಂದ ಸಂತೆಯಲ್ಲಿ ಹಸಿ ತೊಗರಿಕಾಯಿ ರಾಶಿ ಬಿದ್ದಿತ್ತು. ಸಿಹಿಗುಂಬಳ, ಬೆಂಡೆಕಾಯಿ, ತೆಂಗಿನಕಾಯಿ ತೋಟದವೇ. ಮುಸುಕಿನ ಜೋಳವನ್ನು ಗಿರಣಿಯಲ್ಲಿ ಸಣ್ಣ ರವೆಯಾಗಿ ಒಡೆಸಿ ಇಟ್ಟಿದ್ದರು. ಅಲ್ಲಿ ಮಾಂಸಕ್ಕೂ ಪಲ್ಯಕ್ಕೂ ಹಾಕುವ ಹಸಿರು ಮಸಾಲೆಗೆ ಬೇಕಾದ ಅಗಲ ಎಲೆಯ ಥೈಮ್ ಎಂದರೆ ಹಿತ್ತಿಲಿನ ದೊಡ್ಡಪತ್ರೆಯೇ. ನಾವು ಮಗುವಿಗೆ ಕೆಮ್ಮು ಬಂದರೆ ಬಾಡಿಸಿ ರಸ ಹಿಂಡುವ, ತಂಬುಳಿ ಮಾಡುವ ಈ ಎಲೆಯನ್ನು ಅವರು ಬೆಳ್ಳುಳ್ಳಿ, ಈರುಳ್ಳಿ ಹೂವು, ಹಸಿಮೆಣಸಿನಕಾಯಿಯ ಜೊತೆ ಅರೆದು ಶೀಶೆಯಲ್ಲಿ ತುಂಬಿಟ್ಟುಕೊಳ್ಳುತ್ತಾರೆ. ಶ್ಯಾಡೋ ಬೆನಿ ಎಂಬ ಉದ್ದ ಎಲೆಯ ಸೊಪ್ಪು ಮಾತ್ರ ಇಲ್ಲಿ ಸಿಗದು. ಅದರ ಪರಿಮಳ ಕೊತ್ತಂಬರಿಗೆ ಹತ್ತಿರವಾದ್ದರಿಂದ ಅವಳು ಕೊತ್ತಂಬರಿ ಸೊಪ್ಪನ್ನೇ ಸ್ವಲ್ಪ ಹೆಚ್ಚಾಗಿ ಹಾಕಿದಳು.

ಮೊದಲು ಒಲೆಗೆ ಏರಿದ್ದು ಕ್ಯಾಲಲೂ. ತೋಟದ ನೀರಿನ ತೊಟ್ಟಿಯ ಪಕ್ಕದಲ್ಲಿ ಸಾಮೆಗಡ್ಡೆಯ ಗಿಡಗಳಿದ್ದವು. ನಮ್ಮ ಕಡೆ ಗಡ್ಡೆ ಕಿತ್ತು ಸಾರು ಮಾಡುತ್ತಾರೆಯೇ ಹೊರತು ಎಲೆಯನ್ನು ಮುಟ್ಟುವವರು ಕಡಿಮೆ. ಮಲೆನಾಡಿನವರು, ಕರಾವಳಿಯವರು ಕೆಸುವಿನ ಎಲೆಯ ಪತ್ರೊಡೆ ಮಾಡುವುದನ್ನು ಕೇಳಿ ಗೊತ್ತು. ಟ್ರಿನಿಡಾಡಿನಲ್ಲಿ ಭಾನುವಾರದ ಊಟಕ್ಕೆ ಈ ಎಲೆಯೇ ಮುಖ್ಯ. ಎಳೆಯ ಎಲೆಗಳನ್ನು ನಾರು ತೆಗೆದು ಕೊಚ್ಚಿ, ಬೆಂಡೆಕಾಯಿ, ಕುಂಬಳಕಾಯಿ, ಈರುಳ್ಳಿ, ಬೆಳ್ಳುಳ್ಳಿ, ದೊಡ್ಡಪತ್ರೆಯ ಜೊತೆ ತೆಂಗಿನ ಹಾಲಿನಲ್ಲಿ ಬೇಯಿಸಬೇಕು. ಎಲೆಯಲ್ಲಿರುವ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳೇ ಗಂಟಲು ಕೆರೆಯಲು ಕಾರಣ, ಅವಸರ ಮಾಡಿ ಇಳಿಸಿದರೆ ಊಟ ಕೆಟ್ಟಂತೆಯೇ ಎಂದು ಅವಳು ಉರಿ ಸಣ್ಣ ಮಾಡಿ ಕಾದಳು. ಒಂದು ಇಡೀ ಮೆಣಸಿನಕಾಯಿಯನ್ನು ಒಡೆಯದಂತೆ ಮೇಲೆ ತೇಲಿಬಿಟ್ಟಿದ್ದಳು. ಅಲ್ಲಿ ಇದಕ್ಕೆ ಏಡಿಯನ್ನು ಹಾಕುವುದು ವಾಡಿಕೆ, ನಮ್ಮ ಚಿಂತಾಮಣಿಯ ಗೆಳತಿ ತಿನ್ನಲೆಂದು ಇಲ್ಲಿ ಅದನ್ನು ಬಿಟ್ಟಳು. ಎಲ್ಲವೂ ಮೆತ್ತಗಾದ ಮೇಲೆ ಪಾತ್ರೆಯನ್ನು ಕೆಳಗಿಳಿಸಿ, ಮರದ ಕೋಲು ಕೊಡಿ ಎಂದು ಕೈ ಚಾಚಿದಳು.

ಆ ಮನೆಯ ಅಜ್ಜಿ ಒಳಗಿನಿಂದ ತಂದುಕೊಟ್ಟದ್ದು ಮಸ್ಸೊಪ್ಪು ಮಸೆಯುವ ಕಡೆಗೋಲು. ಟ್ರಿನಿಡಾಡಿನ ಮನೆಗಳಲ್ಲಿ ಬೇಳೆ ಮಸೆಯಲು ಭಾರತದಿಂದ ಹೋದವರು ಒಯ್ದ ಕೋಲು ಇಂದಿಗೂ ಇದೆ, ಕ್ಯಾಲಲೂವನ್ನೂ ಎಷ್ಟೋ ಮನೆಗಳಲ್ಲಿ ಅದರಿಂದಲೇ ಮಸೆಯುತ್ತಾರೆ. ಅಂಗೈಗಳ ನಡುವೆ ಕೋಲು ತಿರುಗಿಸುತ್ತ ಅವಳು ಆ ಹಸಿರನ್ನು ನುಣ್ಣಗೆ ಮಾಡುತ್ತಿದ್ದಾಗ ಅಜ್ಜಿ ಪಾತ್ರೆಯೊಳಗೆ ಬಗ್ಗಿ ನೋಡಿ, ‘ಇದು ಮಸ್ಸೊಪ್ಪೇ ಅಲ್ವೇನಮ್ಮ, ಬೇಳೆ ಒಂದು ಹಾಕಿಲ್ಲ ಅಷ್ಟೆ’ ಎಂದರು.

ಅದಕ್ಕೆ ಜೊತೆಯಾಗಿ ಬರುವುದು ಕೂಕೂ. ಬೆಂಡೆಕಾಯಿಯನ್ನು ಸಣ್ಣ ಬಿಲ್ಲೆಗಳಾಗಿ ಹೆಚ್ಚಿ ತೆಂಗಿನ ಹಾಲು ಮತ್ತು ನೀರಿನಲ್ಲಿ ಕುದಿಸಿ, ಅದಕ್ಕೆ ಮುಸುಕಿನ ಜೋಳದ ರವೆಯನ್ನು ಸುರಿದು ಗಂಟು ಕಟ್ಟದಂತೆ ತಿರುವುತ್ತಲೇ ಇರಬೇಕು. ಕೊನೆಗೆ ಬೆಣ್ಣೆ ಸವರಿದ ಬಟ್ಟಲಿಗೆ ಹಾಕಿ ಆರಲು ಬಿಟ್ಟು ತಿರುಗಿಸಿ ಹಾಕಿದರೆ ಗುಂಡಗೆ ಕೂರುತ್ತದೆ. ಬಾರ್ಬಡೋಸಿನಲ್ಲಿ ಇದನ್ನೇ ಹಾರುವ ಮೀನಿನ ಸಾರಿನ ಜೊತೆ ತಿನ್ನುತ್ತಾರೆ, ಅದು ಆ ದೇಶದ ರಾಷ್ಟ್ರೀಯ ಊಟ. ನಮ್ಮ ಗೆಳತಿ ತಿರುವಲು ಹೊರಟಾಗ ಆರೋಗ್ಯ ಸಹಾಯಕಿ ಅವಳ ಕೈಯಿಂದ ಮುದ್ದೆ ಕೋಲನ್ನು ತೆಗೆದುಕೊಂಡು, ‘ಇದು ನನಗೆ ಬಿಡು ಕಣೇ, ನಿನಗೆ ಅಭ್ಯಾಸ ತಪ್ಪಿದೆ’ ಎಂದಳು. ಅವಳು ತಿರುವಿದ ಕೂಕೂವಿನಲ್ಲಿ ಒಂದು ಗಂಟೂ ಇರಲಿಲ್ಲ. ಆದರೆ ಬಟ್ಟಲಿಗೆ ಹಾಕುವ ಮಾತನ್ನು ಯಾರೂ ಕೇಳಲಿಲ್ಲ. ಅಭ್ಯಾಸ ಬಲದಿಂದ ಅವಳು ನೀರು ಮುಟ್ಟಿಕೊಂಡು ಮುದ್ದೆ ಕಟ್ಟಿಯೇ ಇಟ್ಟಳು.

ಮುದ್ದೆ ಮಸ್ಸೊಪ್ಪಿನ ಈ ಹೋಲಿಕೆಯನ್ನು ಕಂಡು ಇದು ನಮ್ಮವರೇ ಒಯ್ದ ಅಡುಗೆ ಎಂದು ನಾವು ಮಾತಾಡಿಕೊಂಡೆವು. ಗೆಳತಿ ತಿದ್ದಿದಳು. ಕೂಕೂ, ಕ್ಯಾಲಲೂ ಎರಡೂ ಪಶ್ಚಿಮ ಆಫ್ರಿಕಾದಿಂದ ಗುಲಾಮರಾಗಿ ಎಳೆತರಲ್ಪಟ್ಟವರ ಅಡುಗೆಗಳು. ಬೇರು ಗೆಡ್ಡೆಗಳನ್ನೂ ಧಾನ್ಯದ ಹಿಟ್ಟನ್ನೂ ಗಟ್ಟಿಯಾಗಿ ತಿರುವಿ ಉಂಡೆ ಮಾಡಿ ಸೊಪ್ಪಿನ ಸಾರಿನಲ್ಲಿ ಅದ್ದಿ ತಿನ್ನುವುದು ಅವರ ಊರಿನ ರೂಢಿ. ಬೆಂಡೆಕಾಯಿಯೂ ಆಫ್ರಿಕಾದ್ದೇ. ತಮ್ಮ ನಾಡಿನ ಧಾನ್ಯ ಸಿಗದ ಕಡೆ ಅಮೆರಿಕ ಖಂಡದ ಮುಸುಕಿನ ಜೋಳವನ್ನು ಹಿಡಿದುಕೊಂಡರು. ನಮ್ಮ ರಾಗಿಯೂ ಮೂಲದಲ್ಲಿ ಪೂರ್ವ ಆಫ್ರಿಕಾದ ಎತ್ತರದ ನೆಲದಿಂದ ಬಂದ ಬೆಳೆ ಎಂಬುದನ್ನು ನೆನೆದರೆ ಮುಳಬಾಗಿಲಿನ ಮುದ್ದೆಗೂ ಟ್ರಿನಿಡಾಡಿನ ಕೂಕೂವಿಗೂ ಇರುವ ನಂಟು ನಾವು ಅಂದುಕೊಂಡದ್ದಕ್ಕಿಂತ ಹಳೆಯದು, ಮತ್ತು ಅದರಲ್ಲಿ ಪಡೆದವರು ನಾವು.

ತೊಗರಿಯ ಕಥೆ ಇದಕ್ಕೆ ತದ್ವಿರುದ್ಧ ದಿಕ್ಕಿನದು. ಅದು ಹುಟ್ಟಿದ್ದು ಭಾರತದ ನೆಲದಲ್ಲಿ. ಇಲ್ಲಿಂದ ಬಹಳ ಹಿಂದೆಯೇ ಆಫ್ರಿಕಾಕ್ಕೆ ಹೋಗಿ, ಅಲ್ಲಿಂದ ಗುಲಾಮರ ಹಡಗುಗಳೊಂದಿಗೆ ಕೆರಿಬಿಯನ್ ದ್ವೀಪಗಳನ್ನು ಸೇರಿತು. ಭಾರತದ ಕೂಲಿಗಳು ಟ್ರಿನಿಡಾಡಿಗೆ ಕಾಲಿಡುವ ಮೊದಲೇ ತೊಗರಿ ಅಲ್ಲಿತ್ತು. ಅವರ ಪೆಲಾವ್ ಎಂಬ ಅನ್ನಕ್ಕೆ ಹಸಿ ತೊಗರಿಕಾಳು ಇರಲೇಬೇಕು. ಅದನ್ನು ಮಾಡುವ ಕ್ರಮ ನಮಗೆಲ್ಲ ಹೊಸದು. ಕಾದ ಎಣ್ಣೆಗೆ ಸಕ್ಕರೆ ಹಾಕಿ, ಅದು ಕರಗಿ, ನೊರೆ ಎದ್ದು, ಕಡುಗಂದು ಬಣ್ಣಕ್ಕೆ ತಿರುಗುವ ತನಕ ಕಾಯಬೇಕು. ಒಂದು ಕ್ಷಣ ಮೊದಲಾದರೆ ಬರೀ ಸಿಹಿ, ಒಂದು ಕ್ಷಣ ತಡವಾದರೆ ಕಹಿ. ಆ ಹದಕ್ಕೆ ಹಸಿರು ಮಸಾಲೆಯಲ್ಲಿ ನೆನೆಸಿದ ಕೋಳಿಯನ್ನು ಹಾಕಿ ಹೊರಳಿಸಿ, ಆಮೇಲೆ ಅಕ್ಕಿ, ತೊಗರಿಕಾಳು, ಕುಂಬಳದ ಹೋಳು, ತೆಂಗಿನ ಹಾಲು ಸೇರಿಸಿ ಮುಚ್ಚುತ್ತಾರೆ. ಇನ್ನೊಂದು ಪಾತ್ರೆಯಲ್ಲಿ ಕೋಳಿ ಇಲ್ಲದೆ ಬರೀ ತರಕಾರಿಯದು ಬೇಯುತ್ತಿತ್ತು. ಒಂದೇ ಪಾತ್ರೆಯ ಊಟವಾದ್ದರಿಂದ ಇದನ್ನು ಅಲ್ಲಿನವರು ಸಮುದ್ರ ತೀರಕ್ಕೆ, ಕ್ರಿಕೆಟ್ ಪಂದ್ಯಕ್ಕೆ ಕಟ್ಟಿಕೊಂಡು ಹೋಗುತ್ತಾರಂತೆ. 1976ರ ಏಪ್ರಿಲ್‌ನಲ್ಲಿ ಪೋರ್ಟ್ ಆಫ್ ಸ್ಪೇನ್‌ನ ಕ್ವೀನ್ಸ್ ಪಾರ್ಕ್ ಓವಲ್‌ನಲ್ಲಿ ಭಾರತ 403 ರನ್‌ಗಳ ಗುರಿಯನ್ನು ಬೆನ್ನಟ್ಟಿ ಗೆದ್ದಾಗ ನಮ್ಮ ಗುಂಡಪ್ಪ ವಿಶ್ವನಾಥ್ 112 ರನ್ ಹೊಡೆದದ್ದನ್ನು ನನ್ನ ತಂದೆ ವರ್ಷಗಟ್ಟಲೆ ಹೇಳುತ್ತಿದ್ದರು. ಆ ಮೈದಾನದಲ್ಲಿ ಕೂತವರ ಡಬ್ಬಿಗಳಲ್ಲಿ ಬೆಂದ ತೊಗರಿಕಾಳು ಇದ್ದಿರಬಹುದೆಂಬ ಯೋಚನೆಯೇ ನನಗೆ ಅಂದು ಬಹಳ ಹಿತವೆನಿಸಿತು.

ಸಕ್ಕರೆ ಸುಡುವ ವಾಸನೆ ಅಂಗಳವನ್ನು ತುಂಬಿದ್ದಾಗ ಜಗಲಿಯ ಮೇಲೆ ಹಬ್ಬಕ್ಕೆಂದು ತಂದ ಕಬ್ಬಿನ ಜಲ್ಲೆಗಳು ಒರಗಿದ್ದವು. ಎಳ್ಳು ಬೆಲ್ಲದ ಜೊತೆ ಕಬ್ಬಿನ ತುಂಡು ಹಂಚುವ ನಮಗೆ ಕಬ್ಬು ಎಂದರೆ ಹಬ್ಬ. ಆ ದ್ವೀಪಗಳಲ್ಲಿ ಅದೇ ಕಬ್ಬು ಮನುಷ್ಯರನ್ನು ಸರಕಾಗಿಸಿತು. ಬ್ರಿಟಿಷ್ ಸಾಮ್ರಾಜ್ಯದಲ್ಲಿ ಗುಲಾಮಗಿರಿಯನ್ನು ರದ್ದು ಮಾಡಿದ್ದು 1834ರಲ್ಲಿ, ಅದರ ಬೆನ್ನಿಗಿದ್ದ ಕಡ್ಡಾಯ ದುಡಿಮೆ ಮುಗಿದದ್ದು 1838ರಲ್ಲಿ. ಬಿಡುಗಡೆ ಹೊಂದಿದವರು ತೋಟದ ಮಾಲೀಕರು ಕೊಡುವ ಕೂಲಿಗೆ ದುಡಿಯಲು ಒಪ್ಪದೆ ಹೋದಾಗ ಮಾಲೀಕರ ಕಣ್ಣು ಭಾರತದ ಬಡವರ ಮೇಲೆ ಬಿತ್ತು. 1845ರ ಮೇ 30ರಂದು ಫತೆಲ್ ರಜಾಕ್ ಎಂಬ ಹಡಗು ಕಲ್ಕತ್ತೆಯಿಂದ 200ಕ್ಕೂ ಹೆಚ್ಚು ಜನರನ್ನು ಹೊತ್ತು ಟ್ರಿನಿಡಾಡ್ ತಲುಪಿತು. 1917ರಲ್ಲಿ ಈ ಕರಾರು ಕೂಲಿ ಪದ್ಧತಿ ನಿಲ್ಲುವವರೆಗೆ ಸುಮಾರು 1.4 ಲಕ್ಷ ಜನ ಹಾಗೆ ಹೋದರು. ಹೆಚ್ಚಿನವರು ಇಂದಿನ ಬಿಹಾರ ಮತ್ತು ಪೂರ್ವ ಉತ್ತರ ಪ್ರದೇಶದವರು, ಮದರಾಸು ಬಂದರಿನಿಂದಲೂ ಕೆಲವು ಹಡಗುಗಳು ಹೋದವು. ಐದು ವರ್ಷದ ಕರಾರು, ಪರವಾನಗಿ ಚೀಟಿ ಇಲ್ಲದೆ ತೋಟದ ಹೊರಗೆ ಸಿಕ್ಕಿಬಿದ್ದರೆ ಜೈಲು. ಇಷ್ಟೆಲ್ಲ ಕಷ್ಟದ ಮೇಲೆ ನಿಂತ ಆ ಸಕ್ಕರೆ ಉದ್ಯಮದಲ್ಲಿ ಸರ್ಕಾರಿ ಒಡೆತನದ ಕರೋನಿ ಕಂಪನಿ 2003ರಲ್ಲಿ ಬಾಗಿಲು ಮುಚ್ಚಿತು. ಇಂದು ಆ ದೇಶದಲ್ಲಿ ಭಾರತ ಮೂಲದವರೂ ಆಫ್ರಿಕಾ ಮೂಲದವರೂ ಹೆಚ್ಚು ಕಡಿಮೆ ಸಮಸಂಖ್ಯೆಯಲ್ಲಿದ್ದಾರೆ, ಒಬ್ಬರ ಅಡುಗೆ ಇನ್ನೊಬ್ಬರ ಮನೆಯಲ್ಲಿ ಬೇಯುತ್ತದೆ.

ಈ ಅಡುಗೆಗಳನ್ನು ಗೆಳತಿಗೆ ಕಲಿಸಿದ್ದು ಪಕ್ಕದ ಮನೆಯ ಒಬ್ಬ ಹಿರಿಯ ಹೆಂಗಸು. ಹೋದ ಹೊಸದರಲ್ಲಿ ಊರಿನ ನೆನಪಿಗೆ ಅಳುತ್ತ ಕೂತಿದ್ದವಳನ್ನು ಅವರು ತಮ್ಮ ಅಡುಗೆಮನೆಗೆ ಕರೆದುಕೊಂಡು ಹೋಗಿ ಕೈಗೆ ಲಟ್ಟಣಿಗೆ ಕೊಟ್ಟರಂತೆ. ಅವರ ಅಜ್ಜಿ ಹಡಗಿನಲ್ಲಿ ಬಂದವರು. ಒಂದೇ ಹಡಗಿನಲ್ಲಿ ಬಂದವರು ಅಲ್ಲಿ ಪರಸ್ಪರ ಜಹಾಜಿ ಭಾಯಿ, ಜಹಾಜಿ ಬೆಹನ್ ಆಗುತ್ತಿದ್ದರು. ಅದು ಬರೀ ಸಂಬೋಧನೆಯಾಗಿರಲಿಲ್ಲ, ಒಡಹುಟ್ಟಿದವರ ನಡುವೆ ಇರುವಂತೆ ಅವರ ಮಕ್ಕಳ ನಡುವೆ ಮದುವೆ ಸಂಬಂಧವನ್ನು ಕೂಡ ತಪ್ಪಿಸುತ್ತಿದ್ದರು. ಮೂರು ತಿಂಗಳ ಪ್ರಯಾಣದಲ್ಲಿ ಎಲ್ಲ ಜಾತಿಯವರಿಗೂ ಒಂದೇ ಒಲೆಯಲ್ಲಿ ಅಡುಗೆ ಬೇಯುತ್ತಿತ್ತು. ಊರಿನಲ್ಲಿ ಯಾರು ಮುಟ್ಟಿದ್ದನ್ನು ಯಾರು ತಿನ್ನಬೇಕು ಎಂಬ ಕಟ್ಟಳೆಯನ್ನು ಹಡಗಿನ ಮೇಲೆ ಪಾಲಿಸಲು ಸಾಧ್ಯವಿರಲಿಲ್ಲ. ಇಳಿದ ಮೇಲೆ ಅದನ್ನು ಮತ್ತೆ ಕಟ್ಟಿಕೊಳ್ಳಲು ಹಲವರು ಯತ್ನಿಸಿದರೂ ಪಂಕ್ತಿಭೇದ ಮೊದಲಿನಂತೆ ನಿಲ್ಲಲಿಲ್ಲ.

ಇದನ್ನು ಕೇಳುತ್ತ ಕೂತಾಗ ನಮ್ಮ ಐವರಿಗೂ ನೆನಪಾದದ್ದು ಒಂದೇ. ನಾವು ಓದುವಾಗ ಶಾಲೆಯಲ್ಲಿ ಬಿಸಿಯೂಟ ಇರಲಿಲ್ಲ. ಮಧ್ಯಾಹ್ನ ಹೊಂಗೆ ಮರದ ಕೆಳಗೆ ಡಬ್ಬಿ ಬಿಚ್ಚುವಾಗ ಬೇರೆ ಬೇರೆ ಸುತ್ತುಗಳಲ್ಲಿ ಕೂರುತ್ತಿದ್ದೆವು. ತರಗತಿಯಲ್ಲಿ ಒಂದೇ ಬೆಂಚು, ಒಂದೇ ಪುಸ್ತಕ, ಊಟಕ್ಕೆ ಮಾತ್ರ ಈಗ ಆರೋಗ್ಯ ಸಹಾಯಕಿಯಾಗಿರುವ ಗೆಳತಿ ದೂರದ ನಲ್ಲಿಕಟ್ಟೆಯ ಬಳಿ ಒಬ್ಬಳೇ. ಅವಳ ಡಬ್ಬಿಯ ಹುರುಳಿ ಬಸ್ಸಾರಿನ ವಾಸನೆ ಬರುತ್ತಿತ್ತು, ರುಚಿ ಏನೆಂದು ಯಾರಿಗೂ ಗೊತ್ತಿರಲಿಲ್ಲ. ಮನೆಗಳಲ್ಲಿ ಹಾಗೆ ಹೇಳಿ ಕಳಿಸುತ್ತಿದ್ದರು, ಮೇಷ್ಟರುಗಳು ನೋಡಿಯೂ ಏನೂ ಹೇಳುತ್ತಿರಲಿಲ್ಲ. ಇಷ್ಟು ವರ್ಷಗಳಲ್ಲಿ ನಾವು ಎಷ್ಟೋ ಸಂಗತಿ ಮಾತಾಡಿದ್ದೇವೆ, ಇದನ್ನು ಮಾತ್ರ ಎತ್ತಿರಲಿಲ್ಲ. ಎತ್ತಿದವಳು ಅವಳೇ. ಬಾಳೆ ಎಲೆಯ ಮೇಲಿನ ಕೂಕೂವನ್ನು ಮುರಿಯುತ್ತ, ದನಿ ಏರಿಸದೆ ಹೇಳಿದಳು: ‘ಅವರಿಗೆ ಒಟ್ಟಿಗೆ ಉಣ್ಣೋದಕ್ಕೆ ಸಮುದ್ರ ದಾಟಬೇಕಾಯ್ತು. ನಾವು ಒಂದೇ ಬೆಂಚಲ್ಲಿ ಕೂತಿದ್ದೂ ಆಗ್ಲಿಲ್ಲ ನೋಡು.’

ಚಿಂತಾಮಣಿಯವಳು ಊಟ ನಿಲ್ಲಿಸಿ ಅವಳ ಕಡೆಗೇ ನೋಡುತ್ತ ಕೂತಳು. ಆಮೇಲೆ ತನ್ನ ಮನೆಯಲ್ಲಿ ಇಂದಿಗೂ ಏನೇನು ನಡೆಯುತ್ತದೆ, ಮಗಳು ಅದನ್ನೆಲ್ಲ ಹೇಗೆ ಪ್ರಶ್ನಿಸುತ್ತಾಳೆ ಎಂದು ಬಹಳ ಹೊತ್ತು ಹೇಳಿದಳು. ಅವಳು ಹೇಳಿದ್ದನ್ನೆಲ್ಲ ಇಲ್ಲಿ ಬರೆಯುವುದು ಸರಿಯಲ್ಲ. ಆ ಮಾತು ಸುಲಭವಾಗಿರಲಿಲ್ಲ, ನಡುನಡುವೆ ಇಬ್ಬರೂ ಕಣ್ಣೊರೆಸಿಕೊಂಡರು, ಎಲ್ಲವೂ ಅಲ್ಲಿಗೆ ತೀರಿಹೋಯಿತೆಂದೂ ನಾನು ಹೇಳಲಾರೆ. ಆದರೆ ಆ ದಿನ ನಮ್ಮ ಯಾರ ಮನೆಯದೂ ಅಲ್ಲದ ಅಡುಗೆ ಎಲೆಯ ಮೇಲಿತ್ತು. ಒಬ್ಬರ ಮನೆಯ ಸಾರನ್ನು ಇನ್ನೊಬ್ಬರು ಒಪ್ಪಿದರು, ಬಿಟ್ಟರು ಎಂಬ ಲೆಕ್ಕ ಅಲ್ಲಿ ಹುಟ್ಟುವಂತಿರಲಿಲ್ಲ. ತುತ್ತಿನ ಬೆಲೆ ತಿಳಿದವರು ಕಟ್ಟಿದ ಆ ಊಟದ ಮುಂದೆ ಕೂತದ್ದರಿಂದಲೇ ಆ ಮಾತು ಹೊರಬಂದಿತೆಂದು ನಾನು ನಂಬುತ್ತೇನೆ.

ದಾಲ್‌ಪುರಿಯನ್ನು ಮಾಡಿದ್ದು ಸಂಜೆಗೆ. ಬಟಾಣಿ ಬೇಳೆಯನ್ನು ಅರೆಬರೆ ಬೇಯಿಸಿ, ನೀರು ಬಸಿದು, ಹುರಿದ ಜೀರಿಗೆಯ ಜೊತೆ ಉದುರುದುರಾಗಿ ಪುಡಿ ಮಾಡಿ ಮೈದಾ ಹಿಟ್ಟಿನ ಕಣಕದೊಳಗೆ ತುಂಬಿ ಲಟ್ಟಿಸಬೇಕು. ತವರಿನಲ್ಲಿ ಹೋಳಿಗೆ ತಟ್ಟಿ ಪಳಗಿದ ಕೈಗಳಿಗೆ ಹೂರಣ ತುಂಬುವುದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೆ ಅಲ್ಲಿನ ದಾಲ್‌ಪುರಿ ನಮ್ಮ ಹೋಳಿಗೆಯ ಎರಡರಷ್ಟು ಅಗಲ, ಹೂರಣ ಸಿಹಿಯಲ್ಲ, ಒದ್ದೆಯೂ ಅಲ್ಲ. ಬಿಹಾರದ ಹಳ್ಳಿಗಳಿಂದ ಹೋದ ಈ ರೊಟ್ಟಿಯೊಳಗೆ ಆಲೂಗಡ್ಡೆ ಕಡಲೆಯ ಪಲ್ಯವನ್ನು ಸುತ್ತಿ ಕೊಡುವುದನ್ನು ಈಗ ಇಡೀ ದ್ವೀಪವೇ ತಿನ್ನುತ್ತದೆ. ಬೀದಿ ಬದಿಯ ಡಬಲ್ಸ್ ಎಂಬ ತಿಂಡಿಯೂ ಹೀಗೆಯೇ, ಅರಿಶಿನ ಹಾಕಿ ಕರಿದ ಬಾರಾ ಎಂಬ ಎರಡು ಮೆತ್ತನೆಯ ರೊಟ್ಟಿಗಳ ನಡುವೆ ಕಾಬೂಲಿ ಕಡಲೆಯ ಪಲ್ಯ, ಮೇಲೆ ಹುಣಸೆಹಣ್ಣಿನ ಚಟ್ನಿ. 1936ರಲ್ಲಿ ಪ್ರಿನ್ಸಸ್ ಟೌನ್ ಎಂಬ ಊರಿನಲ್ಲಿ ದೀನ್ ಕುಟುಂಬದವರು ಮಾರಲು ಶುರು ಮಾಡಿದ್ದು ಇಂದು ಆ ದೇಶದ ಬೆಳಗಿನ ತಿಂಡಿಯಾಗಿದೆ. ಅಂದು ಅದನ್ನು ಮಾಡಲು ಹೊತ್ತು ಉಳಿಯಲಿಲ್ಲ.

ಕೊನೆಗೆ ಸಾರೆಲ್ ಪಾನಕ ಬಂತು. ಕ್ರಿಸ್‌ಮಸ್ ಕಾಲಕ್ಕೆ ಅಲ್ಲಿನ ಎಲ್ಲ ಮನೆಗಳಲ್ಲಿಯೂ ಇದು ಇರುತ್ತದೆ. ಒಣಗಿದ ಕೆಂಪು ಹೂದಳಗಳನ್ನು ಶುಂಠಿ, ಲವಂಗ, ಚಕ್ಕೆಯ ಜೊತೆ ಕುದಿಸಿ ರಾತ್ರಿಯಿಡೀ ನೆನೆಸಿ ಸೋಸಿದ್ದಳು. ಬಾಯಿಗಿಟ್ಟ ಕೂಡಲೇ ಅಜ್ಜಿ ಗುರುತು ಹಿಡಿದರು, ಇದು ಗೋಂಗೂರದ ಜಾತಿಯದು ಎಂದು. ಆಂಧ್ರದ ಗಡಿಗೆ ಅಂಟಿಕೊಂಡ ಮುಳಬಾಗಿಲಿನಲ್ಲಿ ಪುಂಡಿಸೊಪ್ಪಿನ ಹುಳಿ ತಿಳಿಯದ ಮನೆ ಇಲ್ಲ. ಸಾರೆಲ್ ಅದೇ ಗಿಡದ ಇನ್ನೊಂದು ತಳಿ. ನಾವು ಎಲೆಯನ್ನು ತಿನ್ನುತ್ತೇವೆ, ಅವರು ಹೂವಿನ ತೊಟ್ಟಿನ ಕೆಂಪು ದಳವನ್ನು ಕುದಿಸಿ ಕುಡಿಯುತ್ತಾರೆ. ಹುಳಿ, ಸಿಹಿ, ಶುಂಠಿಯ ಖಾರ ಮೂರೂ ಕೂಡಿದ ಆ ಪಾನಕವನ್ನು ಮಕ್ಕಳು ಮತ್ತೆ ಮತ್ತೆ ಬಂದು ಕುಡಿದರು.

ಗೆಳತಿ ಮುಂದಿನ ವರ್ಷ ಮೇ ತಿಂಗಳಿನಲ್ಲಿ ಬರುವುದಾಗಿ ಹೇಳಿದ್ದಾಳೆ. ಆಗ ಶ್ರೀನಿವಾಸಪುರದ ಮಾವಿನ ಕಾಲ. ಎಳೆಯ ಮಾವಿನಕಾಯಿಯನ್ನು ಓಟೆ ಸಮೇತ ಕಡಿದು ಮಸಾಲೆ ಮತ್ತು ಬೆಲ್ಲದಲ್ಲಿ ಬೇಯಿಸುವ ಟ್ರಿನಿಡಾಡಿನ ಮಾವಿನ ಕರ್ರಿಯನ್ನು ಮಾಡಬೇಕೆಂದು ಆಗಲೇ ತೀರ್ಮಾನವಾಗಿದೆ. ಎಲ್ಲಿ ಸೇರುವುದೆಂಬ ಮಾತು ಬಂದಾಗ ಆರೋಗ್ಯ ಸಹಾಯಕಿ, ‘ನಮ್ಮ ಮನೇಲಿ, ನಮ್ಮ ಕೇರಿಯಲ್ಲೇ’ ಎಂದಳು. ಮೊದಲು ಸರಿ ಎಂದವಳು ಚಿಂತಾಮಣಿಯವಳು. ಮಾವಿನ ಕರ್ರಿಯ ಜೊತೆ ಹುರುಳಿ ಬಸ್ಸಾರೂ ಇರಬೇಕೆಂದು ನಾನು ಕೇಳಿಕೊಂಡಿದ್ದೇನೆ. ಕಾಳು ತರುವ ಕೆಲಸ ನನ್ನದು.